ಹರಕೆಯ ಬಾಲಂಗೋಚಿ

ಯಸ್ರಿಬ್‌ನ ಮೇಲೂರಿನಲ್ಲಿ ಆ ಕಾಲಕ್ಕೆ ಇತ್ಯರ್ಥವಾಗದೆ ಉಳಿದಿದ್ದ ಪ್ರಶ್ನೆಗಳಲ್ಲಿ ಅತ್ಯಂತ ಗಹನವಾದದ್ದು ಇದು: ಬಾವಿಕಟ್ಟೆಯಲ್ಲಿ ಯಾರಾದರೂ ‘ಅಝಾಲನ ತಾಯೀ’ ಎಂದು ಕೂಗಿದರೆ ಯಾರು ತಿರುಗಿ ನೋಡಬೇಕು? ಎರಡು ಬುಡಕಟ್ಟುಗಳು ತಲೆಮಾರುಗಟ್ಟಲೆ ಹೊಡೆದಾಡಿದ ಊರು ಅದು. ಆ ಹೊಡೆದಾಟ ಹೇಗೋ ಮುಗಿದಿತ್ತು. ಮಕ್ಕೆಯಿಂದ ಪ್ರವಾದಿಯವರೂ ಅವರ ಜೊತೆಯವರೂ ಬಂದು ನೆಲೆಸಿದರು. ಒಪ್ಪಂದವೊಂದನ್ನು ಬರೆಯಲಾಯಿತು. ಯಾರ ರಕ್ತಕ್ಕೆ ಯಾರು ಹೊಣೆ, ಹೊರಗಿನವರು ಏರಿಬಂದರೆ ಮುಸ್ಲಿಮರ ಪಕ್ಕದಲ್ಲಿ ಯಹೂದಿಗಳು ಎಲ್ಲಿ ನಿಲ್ಲಬೇಕು ಎಂಬುದೆಲ್ಲ ತೀರ್ಮಾನವಾಯಿತು. ಬಾವಿಕಟ್ಟೆಯ ಪ್ರಶ್ನೆಯನ್ನು ಮಾತ್ರ ಯಾರೂ ಒಪ್ಪಂದಕ್ಕೆ ಸೇರಿಸಲಿಲ್ಲ.

ನಮ್ಮಲ್ಲಿ ಗಂಡು ಹೆತ್ತ ಹೆಂಗಸನ್ನು ಬರಿಯ ಹೆಸರಿನಿಂದ ಕರೆಯುವುದು ಅಷ್ಟು ಮರ್ಯಾದೆಯಲ್ಲ. ಮಗನ ಹೆಸರು ಹಿಡಿದು ಇಂಥವನ ತಾಯಿ ಎನ್ನಬೇಕು. ಅಝಾಲ್ ಇದ್ದವನು ಒಬ್ಬನೇ, ಅವನ ತಾಯಂದಿರು ಇಬ್ಬರು. ಹೆತ್ತವಳು ಫುಕೈಹಾ, ಔಸ್ ಬುಡಕಟ್ಟಿನವಳು, ಗಂಡ ಅತೀಕನ ಜೊತೆ ಹೊಸದಾಗಿ ಮುಸ್ಲಿಮಳಾದವಳು. ಹಾಲೂಡಿಸಿ ಬೆಳೆಸಿದವಳು ಸಫೂರಾ, ಯಹೂದಿಗಳ ಶಮ್ವೀಲನ ಹೆಂಡತಿ. ಎರಡು ಮನೆಗಳ ನಡುವೆ ಒಂದು ಮಣ್ಣಿನ ಗೋಡೆ. ನಮ್ಮ ಮನೆ ಅವೆರಡಕ್ಕೂ ಎದುರಿಗಿತ್ತು. ಹಾಗಾಗಿ ಈ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಕಡಿಮೆ. ಅಷ್ಟಿಷ್ಟು ಗೊತ್ತಿಲ್ಲದ್ದು ನನ್ನ ಹೆಂಡತಿ ಜುಮಾನಾಳಿಗೆ ಗೊತ್ತಿತ್ತು.

ಇಬ್ಬರೂ ಒಟ್ಟಿಗೆ ನೀರು ಸೇದುವಾಗಲೇ ನೋಡಿ ಕೂಗುವುದು ಜುಮಾನಾಳ ಚಾಳಿ.

“ಅಝಾಲನ ತಾಯೀ, ನಿನ್ನ ಹಗ್ಗ ಜಾರ್ತಿದೆ ನೋಡೇ!”

ಇಬ್ಬರೂ ಹಗ್ಗ ನೋಡಿಕೊಂಡರು.

“ಯಾರನ್ನ ಕರೆದಿದ್ದು ನೀನು?” ಎಂದಳು ಸಫೂರಾ.

“ಅಝಾಲನ ತಾಯಿನ.”

“ಹಂಗಾದ್ರೆ ನನ್ನನ್ನೇ.”

“ಹೌದೌದು,” ಎಂದಳು ಫುಕೈಹಾ, ಹಗ್ಗದಿಂದ ಕಣ್ಣು ತೆಗೆಯದೆ. “ಒಂಬತ್ತು ತಿಂಗಳು ಹೊಟ್ಟೇಲಿ ಹೊತ್ತಿದ್ದು ನಮ್ಮನೆ ಕತ್ತೆ ಇರ್ಬೇಕು.”

“ನಾನು ಎರಡು ವರ್ಷ ಎದೇಲಿ ಇಟ್ಕೊಂಡಿದ್ದೆ ಕಣಮ್ಮ. ಯಾವುದು ಜಾಸ್ತಿ?”

“ಹಾಲು ತಾನೆ? ಮೇಕೆನೂ ಕೊಡತ್ತೆ.”

“ಆ ಮೇಕೆ ಮುಂದೆ ತಂದು ಮಲಗಿಸಿದ ಮಹಾತಾಯಿ ಯಾರು ಹಂಗಾದ್ರೆ?”

ಇಪ್ಪತ್ತು ವರ್ಷದಿಂದ ಜಗಳ ಇಲ್ಲಿಗೇ ಬಂದು ನಿಲ್ಲುತ್ತಿತ್ತು. ಫುಕೈಹಾ ಕೊಡ ಎತ್ತಿಕೊಂಡು ಹೊರಡುತ್ತಿದ್ದಳು. ಸಫೂರಾ ಅವಳ ಹಿಂದೆಯೇ ಹೊರಡುತ್ತಿದ್ದಳು, ದಾರಿ ಒಂದೇ ಆದ್ದರಿಂದ.

ಮಗುವನ್ನು ತಂದು ಮಲಗಿಸಿದವಳು ಫುಕೈಹಾಳೇ. ಹೆತ್ತ ಮಕ್ಕಳು ಉಳಿಯದ ಹೆಂಗಸು, ಮುಂದಿನದು ಉಳಿದರೆ ಯಹೂದಿಯಾಗಿ ಬೆಳೆಸುತ್ತೇನೆಂದು ಹರಕೆ ಹೊರುವುದು ನಮ್ಮೂರಿನ ಹಳೆಯ ಪದ್ಧತಿ. ಅವರಿಗೆ ಗ್ರಂಥವಿತ್ತು, ಓದು ಬರುತ್ತಿತ್ತು, ಅವರ ದೇವರು ಎಂದೋ ಯಾರಿಗೋ ಕೊಟ್ಟ ಮಾತನ್ನು ಇನ್ನೂ ನೆನಪಿಟ್ಟುಕೊಂಡಿದ್ದಾನೆಂಬ ಖ್ಯಾತಿ ಇತ್ತು. ನಮ್ಮ ಮನೆಗಳಲ್ಲಿದ್ದವು ಮರದ ದೇವರುಗಳು. ಎಣ್ಣೆ ಸವರಿದರೆ ಹೊಳೆಯುತ್ತಿದ್ದವು. ಅದಕ್ಕಿಂತ ಹೆಚ್ಚಿನದೇನನ್ನೂ ಅವು ಯಾರಿಗೂ ಮಾಡಿಕೊಟ್ಟದ್ದನ್ನು ನಾನು ಕಂಡಿಲ್ಲ.

ಫುಕೈಹಾ ನಾಲ್ಕು ಮಕ್ಕಳನ್ನು ಮಣ್ಣು ಮಾಡಿದ್ದಳು. ಮೊದಲನೆಯದು ಗೋಡೆ ಹಿಡಿದು ನಡೆಯುವಷ್ಟು ದೊಡ್ಡದಾಗಿತ್ತು. ಕೊನೆಯದಕ್ಕೆ ಹೆಸರಿಟ್ಟಿರಲಿಲ್ಲ. ಐದನೆಯದು ಹುಟ್ಟಿದ ಏಳನೆಯ ದಿನ ಅತೀಕನ ಸೋದರತ್ತೆ ಅವಳನ್ನು ಕೂರಿಸಿಕೊಂಡು ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಸಿದಳು. ಈ ಮಗು ಉಳಿದರೆ ಗ್ರಂಥದವರ ಮನೆಯಲ್ಲಿ, ಅವರ ಧರ್ಮದಲ್ಲಿ ಬೆಳೆಯಲಿ. ಇಷ್ಟೇ. ಮುದುಕಿ ಹತ್ತಾರು ಹೆಂಗಸರಿಗೆ ಇದನ್ನು ಕಲಿಸಿದ್ದಳು. ಮಾತು ತೂಕವಾಗಿತ್ತು, ಹೆಚ್ಚಿಲ್ಲ ಕಡಿಮೆಯಿಲ್ಲ.

ಆಗ ಸಫೂರಾ ಮೂರನೆಯ ಹೆಣ್ಣು ಹೆತ್ತು ಎರಡು ತಿಂಗಳಾಗಿತ್ತು, ಹಾಲಿತ್ತು. ಫುಕೈಹಾ ಗೋಡೆ ಬಳಸಿ ಅವಳ ಅಡಿಗೆಮನೆಗೆ ಹೋದಳು. ಅಲ್ಲಿ ಇದ್ದವರು ಇಬ್ಬರೇ. ಸಫೂರಾ ಹಿಟ್ಟು ಕಲಸುತ್ತಿದ್ದಳು. ಫುಕೈಹಾ ಮಗುವನ್ನು ಚಾಪೆಯ ಮೇಲೆ ಮಲಗಿಸಿ, ಕಲಿತ ಮಾತನ್ನು ತಪ್ಪಿಲ್ಲದೆ ಒಪ್ಪಿಸಿದಳು. ಒಪ್ಪಿಸಿದ ಮೇಲೆ ಅವಳಿಗೆ ಅದು ಹಗುರವೆನ್ನಿಸಿತು. ನಾಲ್ಕು ಮಕ್ಕಳು ಹೋದವಳು, ಇಷ್ಟು ಸಣ್ಣ ಮಾತು ನಂಬಿ ಹೇಗೆ ಮನೆಗೆ ಹೋಗುವುದು? ನಮ್ಮವರಿಗೆ ಸಾದಾ ಮಾತಿನ ಮೇಲೆ ನಂಬಿಕೆಯಿಲ್ಲ. ತುದಿಗೊಂದು ಶಾಪ ಕಟ್ಟದಿದ್ದರೆ ಆಣೆ ಆಣೆಯೇ ಅಲ್ಲ. ಒಂಟೆ ಮಾರುವಾಗಲೂ ಸುಳ್ಳಾದರೆ ನನ್ನ ಎರಡು ಕಣ್ಣೂ ಹೋಗಲಿ ಎನ್ನುತ್ತೇವೆ. ಕುರುಡರಾದ ಒಂಟೆ ವ್ಯಾಪಾರಿಗಳು ಮಾತ್ರ ಸಂತೆಯಲ್ಲಿ ಕಾಣಸಿಗುವುದಿಲ್ಲ.

ಫುಕೈಹಾ ತಾನೂ ಒಂದು ಬಾಲಂಗೋಚಿ ಕಟ್ಟಿದಳು. “ನಾನು ಇವನನ್ನ ಯಾವತ್ತಾದ್ರೂ ವಾಪಸ್ ಕರ್ಕೊಂಡ್ರೆ, ಆ ನಾಲ್ವರನ್ನ ತಗೊಂಡು ಹೋಗಿದ್ದು ಇವನನ್ನೂ ತಗೊಂಡು ಹೋಗ್ಲಿ.”

“ಬಿಡ್ತು ಅನ್ನೇ!” ಎಂದಳು ಸಫೂರಾ, ಹಿಟ್ಟಿನ ಕೈಯಲ್ಲೇ.

ಫುಕೈಹಾ ಬಿಡ್ತು ಅನ್ನಲಿಲ್ಲ. ಹರಕೆ ಗಟ್ಟಿಯಾಗಲಿ ಎಂಬುದೇ ಅವಳ ಉದ್ದೇಶವಾಗಿತ್ತು. ಅತ್ತುಕೊಂಡು ಮನೆಗೆ ಬಂದಳು.

ಮಗು ಉಳಿಯಿತು. ಅಝಾಲ್ ಎಂದು ಹೆಸರಿಟ್ಟರು. ಶಮ್ವೀಲ್ ಅವನಿಗೆ ಅಕ್ಷರ ಕಲಿಸಿದ, ಖರ್ಜೂರದ ಮರ ಹತ್ತುವುದನ್ನು ಕಲಿಸಿದ. ಶನಿವಾರ ಮರ ಹತ್ತಬಾರದೆಂಬುದನ್ನೂ ಕಲಿಸಿದ. ಹುಡುಗ ಎರಡನೆಯದರಲ್ಲಿ ಬಹಳ ಮುಂದುವರಿದು, ಗಂಡುಮರದ ಹೂವನ್ನು ಹೆಣ್ಣುಮರದ ಗೊನೆಗೆ ಕಟ್ಟುವುದರಲ್ಲಿ ಮೇಲೂರಿಗೇ ಹೆಸರಾದ. ಸಫೂರಾಳನ್ನು ಅಮ್ಮ ಎನ್ನುತ್ತಿದ್ದ, ಫುಕೈಹಾಳನ್ನು ಅವ್ವ ಎನ್ನುತ್ತಿದ್ದ, ಎರಡು ಮನೆಯಲ್ಲೂ ಉಣ್ಣುತ್ತಿದ್ದ. ಅವನು ಉಣ್ಣಲೆಂದೇ ಫುಕೈಹಾ ತನ್ನ ಮಡಕೆಗೆ ಒಂಟೆಯ ಮಾಂಸ ಹಾಕುವುದನ್ನು ಬಿಟ್ಟಳು. ಯಹೂದಿಗಳಿಗೆ ಒಂಟೆ ಆಗದು. ಅತೀಕನಿಗೆ ಒಂಟೆಯೆಂದರೆ ಪ್ರಾಣ. ಆ ಮನೆಯಲ್ಲಿ ಇಪ್ಪತ್ತು ವರ್ಷ ಮೇಕೆಯೇ ಬೆಂದಿತು.

ಮಕ್ಕೆಯವರು ಬಂದಾಗ ಊರಿನ ಮನೆಮನೆಗೂ ಒಬ್ಬೊಬ್ಬ ಅತಿಥಿ ಹಂಚಿಕೆಯಾದ. ಅತೀಕನ ಪಾಲಿಗೆ ಬಂದವನು ನೌಫಲ್ ಎಂಬುವನು. ಒಳ್ಳೆಯ ಮನುಷ್ಯ, ಖರ್ಜೂರ ಮರದಲ್ಲಿ ಹೇಗೆ ಬರುತ್ತದೆಂಬುದನ್ನು ಬಿಟ್ಟರೆ ಬೇರೆಲ್ಲ ವಿಷಯದಲ್ಲೂ ಅಭಿಪ್ರಾಯವುಳ್ಳವನು. ಬಂದ ಹೊಸದರಲ್ಲಿ ಒಂದು ದಿನ ಉಪಕಾರ ತೀರಿಸೋಣವೆಂದು ಒಂಟೆಯ ಡುಬ್ಬದ ಮಾಂಸವನ್ನು ಎಲೆಯಲ್ಲಿ ಸುತ್ತಿಕೊಂಡು ಬಂದ.

“ಅದನ್ನ ಅಲ್ಲೇ ಹೊರಗಿಡಪ್ಪಾ,” ಎಂದಳು ಫುಕೈಹಾ ಒಳಗಿನಿಂದ.

“ಯಾಕಮ್ಮಾ? ಈಗ ತಾನೆ ಕೊಯ್ದಿದ್ದು. ದೇವರ ಹೆಸರು ಹೇಳೇ ಕೊಯ್ದಿದ್ದಾರೆ.”

“ಒಳ್ಳೇದಾಯ್ತು. ನನ್ನ ಮಡಕೆಗೆ ಬೇಡ.”

ಅತೀಕ್ ಬಾಗಿಲಲ್ಲಿ ಕೂತು ಎಲೆಯ ಕಡೆ ನೋಡುತ್ತಿದ್ದ. “ಸುಮ್ಮನೆ ಆಸೆ ತೋರಿಸ್ಬೇಡ ಮಾರಾಯಾ. ನಾನು ಒಂಟೆ ತಿನ್ಬೇಕಾದ್ರೆ ಬಂಧುಗಳಲ್ಲಿ ಯಾರದಾದ್ರೂ ಮದುವೆ ಆಗ್ಬೇಕು, ಇಲ್ಲ ಯಾರಾದ್ರೂ ಸಾಯ್ಬೇಕು. ಮದುವೆಗೆ ಯಾರೂ ಉಳಿದಿಲ್ಲ.”

ನೌಫಲನಿಗೆ ಹರಕೆಯ ಕಥೆ ಹೇಳಿದರು. ಅವನು ಗಡ್ಡ ಸವರಿಕೊಂಡು, “ಅದೆಲ್ಲ ನಮ್ಮ ಧರ್ಮ ಬರೋಕೆ ಮುಂಚಿನ ಅಜ್ಞಾನಕಾಲದ್ದಮ್ಮಾ. ಈಗ ಬಿದ್ದುಹೋಯ್ತು,” ಎಂದ.

“ನನ್ನ ನಾಲ್ಕು ಗೋರಿಗಳೂ ಅಜ್ಞಾನಕಾಲದ್ದೇ. ಅವೂ ಬಿದ್ದುಹೋದ್ವಾ?”

ನೌಫಲ್ ಮಾಂಸವನ್ನು ನಮ್ಮ ಮನೆಗೆ ತಂದುಕೊಟ್ಟ. ಚೆನ್ನಾಗಿತ್ತು.

ಮೊದಲ ಒಂದೂವರೆ ವರ್ಷ ಗೋಡೆಯ ಎರಡು ಕಡೆಯವರೂ ಜೆರುಸಲೇಮಿನ ಕಡೆಗೇ ಮುಖಮಾಡಿ ಪ್ರಾರ್ಥಿಸುತ್ತಿದ್ದರು. ಆಮೇಲೆ ನಮ್ಮ ಮುಖ ಮಕ್ಕೆಯ ಕಡೆ ತಿರುಗಿತು. ಹೊತ್ತಿಗೆ ಹೊತ್ತಿಗೆ ಅತೀಕನೂ ಶಮ್ವೀಲನೂ ಒಂದೇ ಗೋಡೆಯ ಆಚೀಚೆ ಒಬ್ಬರಿಗೊಬ್ಬರು ಬೆನ್ನು ಮಾಡಿ ನಿಲ್ಲುವಂತಾಯಿತು. ಪ್ರಾರ್ಥನೆ ಮುಗಿದ ಮೇಲೆ ಶಮ್ವೀಲ್ ಗೋಡೆಯ ಮೇಲಿಂದ, “ಏನಯ್ಯಾ ಅತೀಕ್, ದಾರಿ ತಪ್ಪಿತಾ?” ಎಂದು ಕೇಳುತ್ತಿದ್ದ. “ನಾನು ಮುಂದೆ ಹೋಗ್ತಿದ್ದೀನಿ, ನೀನು ಬಂದ ದಾರಿನೇ ನೋಡ್ಕೊಂಡು ನಿಂತಿರು,” ಎನ್ನುತ್ತಿದ್ದ ಅತೀಕ್. ಆಗಿನ್ನೂ ಇದು ತಮಾಷೆಯಾಗಿತ್ತು.

ಮಕ್ಕೆಯವರು ಬಂದ ನಾಲ್ಕನೆಯ ವರ್ಷ, ಅಂದರೆ ಹಿಜರಿ ನಾಲ್ಕರಲ್ಲಿ, ತಮಾಷೆ ನಿಂತಿತು. ಒಪ್ಪಂದ ಮುರಿದವರು ಶಮ್ವೀಲನ ಕುಲದವರೆಂದು ನಮ್ಮವರು, ನಾವೆಂದು ಅವರು. ಆ ವಾದ ಬರೆದಿಡುವವರು ಬೇಕಾದಷ್ಟಿದ್ದಾರೆ. ನಾನು ಓಣಿಯ ವಿಷಯ ಹೇಳುತ್ತೇನೆ. ಶಮ್ವೀಲನ ಕುಲದವರೆಲ್ಲ ಮೇಲೂರಿನ ಕೋಟೆ ಸೇರಿ ಬಾಗಿಲು ಹಾಕಿಕೊಂಡರು. ಅಝಾಲನೂ ಅವರ ಜೊತೆ ಒಳಗೆ ಹೋದ. ನಮ್ಮವರು ಸುತ್ತುವರಿದರು. ಸುತ್ತುವರಿದವರಲ್ಲಿ ಅತೀಕನೂ ಇದ್ದ, ನಾನೂ ಇದ್ದೆ. ಅತೀಕ್ ಹದಿನೈದು ದಿನವೂ ಬಿಲ್ಲು ಹಿಡಿದು ಕೂತಿದ್ದ. ಬಾಣವನ್ನು ಎಲ್ಲಿ ಇಟ್ಟಿದ್ದನೋ, ಯಾರೂ ಕೇಳಲಿಲ್ಲ. ಸಂಜೆ ಮನೆಗೆ ಹೋದರೆ ಹೆಂಡತಿಯದು ಒಂದೇ ಪ್ರಶ್ನೆ.

“ಕಂಡನಾ?”

“ಗೋಡೆ ಕಾಣ್ಸತ್ತೆ ಕಣೇ.”

ಕೊನೆಗೆ ಕೋಟೆಯವರು ಒಪ್ಪಿಕೊಂಡರು. ಶರತ್ತು ಇಷ್ಟು: ಊರು ಬಿಡಬೇಕು, ಆಯುಧ ಬಿಟ್ಟು ಒಂಟೆ ಹೊರುವಷ್ಟನ್ನು ಒಯ್ಯಬಹುದು. ಉತ್ತರಕ್ಕೆ, ಜೆರುಸಲೇಮಿನ ಕಡೆಯ ಶಾಮ್ ಸೀಮೆಗೆ ಹೋಗುವುದೆಂದು ಅವರು ನಿಶ್ಚಯಿಸಿದರು. ಸಿದ್ಧತೆಗೆ ಕೆಲವು ದಿನ ಸಿಕ್ಕಿತು. ಅವರು ಮನೆಗಳಿಗೆ ಬಂದು ಬಾಗಿಲು, ಚೌಕಟ್ಟು, ತೊಲೆಗಳನ್ನು ಕೀಳತೊಡಗಿದರು. ನಮ್ಮಲ್ಲಿ ಮರ ದುರ್ಲಭ. ಮೂರು ಪೀಳಿಗೆಯ ಬಾಗಿಲನ್ನು ಯಾರೂ ಬೇರೆಯವರ ಉಪಯೋಗಕ್ಕೆ ಬಿಟ್ಟು ಹೋಗುವುದಿಲ್ಲ.

ಆಗ ಎದ್ದಿತು ಗಲಾಟೆ. ಹರಕೆಯ ಮಗ ಅಝಾಲ್ ಒಬ್ಬನೇ ಅಲ್ಲ. ನಮ್ಮವರ ಹತ್ತು ಹನ್ನೆರಡು ಮಕ್ಕಳು ಕೋಟೆಯವರ ಮನೆಗಳಲ್ಲಿ ಬೆಳೆದಿದ್ದರು. ಆ ತಂದೆಯರೆಲ್ಲ ಸೇರಿ ಮಸೀದಿಗೆ ಹೋದರು. ಅತೀಕ್ ಹೋಗುವಾಗ ಹೆಗಲ ಮೇಲೆ ಹಗ್ಗ ಹಾಕಿಕೊಂಡಿದ್ದ.

“ಅದ್ಯಾಕಯ್ಯಾ?” ಎಂದು ನಾನು ಕೇಳಿದೆ.

“ಅವನು ಬರಲ್ಲ ಅಂದ್ರೆ ಕಟ್ಟಿ ತರೋಕೆ.”

“ಮರ ಹತ್ತೋನು ಅವನು. ಹಗ್ಗ ಬಿಚ್ಚೋದು ನಿನಗಿಂತ ಚೆನ್ನಾಗಿ ಬರತ್ತೆ.”

ಹಗ್ಗ ಉಪಯೋಗಕ್ಕೆ ಬರಲಿಲ್ಲ. ಬಲವಂತ ಕೂಡದು, ಮಕ್ಕಳನ್ನೇ ಕೇಳಿ, ಅವರು ಎಲ್ಲಿಗೆ ಸೇರುತ್ತೇವೆಂದು ಹೇಳುತ್ತಾರೋ ಅಲ್ಲಿಗೇ ಸೇರಿದವರು ಎಂದು ಮಸೀದಿಯಿಂದ ಉತ್ತರ ಬಂತು. ಅತೀಕ್ ವಿಧೇಯ ಮನುಷ್ಯ, ತಲೆಬಾಗಿ ಒಪ್ಪಿಕೊಂಡ. ಓಣಿಗೆ ಬಂದ ಮೇಲೆ ಮಾತ್ರ ತಡೆಯಲಾಗಲಿಲ್ಲ. “ಮಗನ್ನ ಕೇಳೋದಂತೆ! ನಮ್ಮಪ್ಪ ನನ್ನ ಯಾವತ್ತಾದ್ರೂ ಏನಾದ್ರೂ ಕೇಳಿದ್ನಾ? ‘ಬಾ’ ಅಂತಿದ್ದ, ‘ತಗೋ’ ಅಂತಿದ್ದ. ಮಧ್ಯ ಒಂದು ಪ್ರಶ್ನೆ ಇರ್ಲಿಲ್ಲ.”

ಕೇಳುವುದು ಮರುದಿನ ಬೆಳಿಗ್ಗೆ ಶಮ್ವೀಲನ ಅಂಗಳದಲ್ಲಿ ನಡೆಯಿತು. ಬಾಗಿಲು ಕಿತ್ತಿದ್ದರಿಂದ ಒಳಗೆ ಬರಲು ಯಾರೂ ತಟ್ಟಬೇಕಾಗಲಿಲ್ಲ. ಸಾಕ್ಷಿಗಳೆಂದು ನಾನು, ನೌಫಲ್, ಅವರ ಕಡೆಯ ಇಬ್ಬರು ಹಿರಿಯರು. ಹೆಂಗಸರು ಗೋಡೆಯ ಪಕ್ಕ. ಅಝಾಲ್ ಬಂದು ನಡುವೆ ನಿಂತ. ಹದಿನೈದು ದಿನ ಕೋಟೆಯಲ್ಲಿ ಅರೆಹೊಟ್ಟೆ ಉಂಡದ್ದು ಮುಖದಲ್ಲಿ ಕಾಣುತ್ತಿತ್ತು.

ಅತೀಕ್ ರಾತ್ರಿಯೆಲ್ಲ ಯೋಚಿಸಿದ್ದ ಭಾಷಣದಲ್ಲಿ ಬಾಯಿಗೆ ಬಂದದ್ದು ಎರಡೇ ಮಾತು. “ಮಗಾ, ಬಾ.”

“ನೀನೂ ಏನಾದ್ರೂ ಹೇಳಪ್ಪ,” ಎಂದ ಅಝಾಲ್ ಶಮ್ವೀಲನಿಗೆ.

“ನಾನೇನೂ ಹೇಳಲ್ಲ. ಹೇಳಿದ್ರೆ ಬಲವಂತ ಮಾಡ್ದೆ ಅಂತಾರೆ.” ಶಮ್ವೀಲ್ ತೊಲೆಗೆ ಹಗ್ಗ ಬಿಗಿಯುವುದನ್ನು ಮುಂದುವರಿಸಿದ.

ಅಝಾಲ್ ತೋಟದ ಕಡೆ ನೋಡಿದ. ಮುತ್ತಿಗೆಯಲ್ಲಿ ಕೆಲವು ಮರ ಬಿದ್ದಿದ್ದವು. ಉಳಿದವುಗಳಲ್ಲಿ ಗೊನೆ ಕೆಂಪಾಗುತ್ತಿತ್ತು. “ಆ ಮರಗಳಿಗೆ ಹೂ ಕಟ್ಟಿದ್ದು ನಾನು. ನಾನು ಹೂ ಕಟ್ಟೋದು, ಇವರು ಹಣ್ಣು ತಿನ್ನೋದು, ಇದ್ಯಾವ ನ್ಯಾಯ? ನಾನು ಹೋಗಲ್ಲ. ಇಲ್ಲೇ ಇರ್ತೀನಿ.”

“ಅಂದ್ರೆ ನಮ್ಮ ಧರ್ಮಕ್ಕೆ ಬರ್ತೀಯಾ?” ಎಂದು ನೌಫಲ್ ಮುಂದೆ ಬಾಗಿದ.

“ಚಿಕ್ಕಪ್ಪಾ, ನೀವು ಕೇಳಿದ್ದು ಊರು. ಊರು ಹೇಳಿದೆ. ಎಲ್ಲ ಒಂದೇ ದಿನ ಕೇಳಿದ್ರೆ ನಾಳೆಗೆ ನಿಮ್ಗೆ ಕೆಲಸ ಏನಿರತ್ತೆ?”

ಅವರ ಕಡೆಯ ಹಿರಿಯರೂ ಇದಕ್ಕೆ ನಕ್ಕರು. ಸಫೂರಾ ನಗಲಿಲ್ಲ, ತಲೆ ಎತ್ತಲೂ ಇಲ್ಲ. ಗಂಟು ಕಟ್ಟುತ್ತಿದ್ದವಳು ಅದರಿಂದ ಒಂದು ಅಂಗಿ, ಒಂದು ಚಾಪೆ, ಮರ ಹತ್ತುವ ಪಟ್ಟಿ, ಇಷ್ಟನ್ನು ಹೊರಗೆ ತೆಗೆದು ಪಕ್ಕಕ್ಕಿಟ್ಟು, ಮತ್ತೆ ಗಂಟು ಹಾಕಿದಳು.

ಅಝಾಲ್ ಚಾಪೆ ಸುತ್ತಿಕೊಂಡು ಗೋಡೆ ಬಳಸಿ ಬಂದ. ಇಪ್ಪತ್ತು ವರ್ಷದ ಹಿಂದೆ ಅವನನ್ನು ಎತ್ತಿಕೊಂಡು ಹೋಗಿದ್ದೂ ಇದೇ ದಾರಿಯಲ್ಲಿ. ಫುಕೈಹಾ ಅವತ್ತು ಒಂದು ಮೇಕೆ ಕೊಯ್ಯಿಸಿ ಓಣಿಗೆಲ್ಲ ಹಂಚಿದಳು. ಮಾತು ಮಾತಿಗೂ ನಗುತ್ತಿದ್ದಳು. ಅವಳಿಗೆ ಮುಂದಿನ ಹಲ್ಲೊಂದು ಇಲ್ಲವೆಂಬುದು ನನಗೆ ಆವತ್ತೇ ಗೊತ್ತಾದದ್ದು.

ಮರುದಿನ ಮಧ್ಯಾಹ್ನ ಅಝಾಲನಿಗೆ ಜ್ವರ ಬಂತು.

ಯಸ್ರಿಬ್‌ನಲ್ಲಿ ಜ್ವರ ಎಂಬುದು ನೆಂಟರ ಹಾಗೆ. ಕೇಳದೆ ಬರುತ್ತದೆ, ಮೂರು ದಿನ ಇರುತ್ತದೆ, ಮೈ ಹಣ್ಣು ಮಾಡಿ ಹೋಗುತ್ತದೆ. ಮಕ್ಕೆಯವರು ಬಂದ ವರ್ಷ ಒಬ್ಬರೂ ಬಿಡದೆ ಎಲ್ಲರೂ ಮಲಗಿದ್ದರು. ನೌಫಲ್ ಕಂಬಳಿ ಹೊದ್ದು, ತನ್ನ ಊರಿನ ಗುಡ್ಡಗಳನ್ನು ಹೆಸರು ಹೇಳಿ ಕರೆದು ಅತ್ತಿದ್ದ. ಮುತ್ತಿಗೆಯಲ್ಲಿ ಸೊರಗಿದ ಹುಡುಗನಿಗೆ ಜ್ವರ ಬರದಿದ್ದರೆ ಅದೇ ಆಶ್ಚರ್ಯ. ನಾವೆಲ್ಲ ಹೀಗೇ ಹೇಳಿದೆವು. ಫುಕೈಹಾ ಕೇಳಿಸಿಕೊಂಡಳು. ನಗುವುದನ್ನು ನಿಲ್ಲಿಸಿ ಮಗನ ತಲೆಯ ಹತ್ತಿರ ಕೂತವಳು ಪ್ರಾರ್ಥನೆಯ ಹೊತ್ತಿಗಲ್ಲದೆ ಏಳಲಿಲ್ಲ.

ಕೋಟೆಯವರು ಹೊರಡುವ ಹಿಂದಿನ ದಿನ ಸಫೂರಾ ಬಂದಳು. ಜುಮಾನಾ ಅಲ್ಲೇ ಕೂತು ಜವೆಗೋಧಿ ಕೇರುತ್ತಿದ್ದಳು. ಮುಂದಿನ ಮಾತುಗಳು ಅವಳು ಹೇಳಿದಂತೆ.

ಸಫೂರಾ ಹೊಸಿಲು ದಾಟಲಿಲ್ಲ. “ಹೆಂಗಿದ್ದಾನೆ?”

“ಮೈ ಕಾಯ್ತಿದೆ.”

“ಗಂಜಿ ಕೊಡು. ಉಪ್ಪು ಕಮ್ಮಿ ಹಾಕು, ಜಾಸ್ತಿ ಆದ್ರೆ ಕಕ್ತಾನೆ.”

“ಗೊತ್ತು.”

“ಗೊತ್ತಿರತ್ತೆ ಬಿಡು.”

ಫುಕೈಹಾ ಮಗನ ಹೊದಿಕೆ ಸರಿಮಾಡಿ, “ಅವತ್ತು ನಿನ್ನ ಅಡಿಗೆಮನೇಲಿ ನಾನು ಹೇಳಿದ್ದು ನೆನಪಿದೆಯಾ?” ಎಂದು ಕೇಳಿದಳು.

“ಹರಕೆನಾ? ಇದೆ. ಉಳಿದ್ರೆ ನಿಮ್ಮಲ್ಲಿ ಬೆಳೀಲಿ ಅಂದ್ರಿ. ಉಳ್ಕೊಂಡ, ಬೆಳೆದ, ತೀರ್ತು.” ಸಫೂರಾ ಅವಳನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

“ಅದಾದ್ಮೇಲೆ ಇನ್ನೊಂದು ಮಾತು ಹೇಳಿದ್ದೆ.”

“ಅದಾದ್ಮೇಲೆ ನೀವು ಅತ್ರಿ. ಮಾತೇನೂ ಇರ್ಲಿಲ್ಲ.”

“ಸಫೂರಾ.”

“ಇರ್ಲಿಲ್ಲ ಅಂದ್ನಲ್ಲ! ಹಿಟ್ಟು ಕಲಸ್ತಿದ್ದೆ ನಾನು. ಕಿವಿನೂ ಸ್ವಲ್ಪ ಮಂದ ನಂಗೆ.”

ಸಫೂರಾಳ ಕಿವಿಯ ವಿಷಯ ಓಣಿಗೆಲ್ಲ ಗೊತ್ತಿತ್ತು. ಗೋಡೆಯಾಚೆ ಬೆಕ್ಕು ನಡೆದರೆ ಅವಳಿಗೆ ಕೇಳುತ್ತಿತ್ತು. ಇನ್ನು ನೆನಪು. ಹದಿನಾಲ್ಕು ವರ್ಷದ ಹಿಂದೆ ಫುಕೈಹಾ ಒಯ್ದ ಜರಡಿ ವಾಪಸು ಬಂದಾಗ ಅದರಲ್ಲಿ ಎರಡು ಎಳೆ ಕಿತ್ತಿದ್ದವು ಎಂಬುದನ್ನು ಮುತ್ತಿಗೆಯ ಹಿಂದಿನ ವಾರವೂ ಅವಳು ಬಾವಿಕಟ್ಟೆಯಲ್ಲಿ ಸಾರಿದ್ದಳು. ‘ನೆನಪಿದೆ’ ಎಂದು ಒಂದು ಮಾತು ಹೇಳಿದ್ದರೆ ಮಗ ಅವಳ ಒಂಟೆಯ ಮೇಲೆ ಇರುತ್ತಿದ್ದ. ಅದು ಅವಳಿಗೂ ಗೊತ್ತಿತ್ತು. ಅವಳು ಅಷ್ಟು ಸುಳ್ಳು ಹೇಳಿ, ಗಂಟುಗಳು ಬಾಕಿ ಇವೆಯೆಂದು ಹೊರಟುಹೋದಳು.

ಜುಮಾನಾ ಮೊರ ಕೆಳಗಿಟ್ಟು, “ಕೇಳಿದ್ಯಲ್ಲೇ, ಮಾತೇ ಇರ್ಲಿಲ್ವಂತೆ. ಇನ್ನೇನು ಭಯ?” ಎಂದಳು.

“ಇಪ್ಪತ್ತು ವರ್ಷದಲ್ಲಿ ಅವಳು ನಂಗೆ ಒಂದು ಸಲನೂ ಸೋತಿಲ್ಲ,” ಎಂದಳು ಫುಕೈಹಾ. “ಇವತ್ತು ಸೋತಳು. ಅಂದ್ರೆ ಅವಳಿಗೂ ಭಯ ಆಗಿದೆ.” ಬಾಲಂಗೋಚಿಯ ಕಥೆಯನ್ನು ಜುಮಾನಾಳಿಗೆ ಅವಳು ಹೇಳಿದ್ದು ಆಗಲೇ.

ಮಾರನೆಯ ದಿನ ಬೆಳಕು ಹರಿಯುವ ಹೊತ್ತಿನ ಪ್ರಾರ್ಥನೆ ಮುಗಿಸಿ ನಾವು ಮನೆಗೆ ಬರುವಾಗ ಅತೀಕನ ಅಂಗಳದಲ್ಲಿ ಕೂಗಾಟ ಕೇಳಿಸಿತು. ಅಝಾಲನ ಚಾಪೆ ಸುತ್ತಿ ಬಾಗಿಲಲ್ಲಿ ಇಟ್ಟಿತ್ತು. ಅವನು ಗೋಡೆಗೆ ಒರಗಿ ಕೂತಿದ್ದ, ಕಣ್ಣು ಕೆಂಪು. ಫುಕೈಹಾ ಅವನ ಕಾಲಿಗೆ ಚಪ್ಪಲಿ ಕಟ್ಟುತ್ತಿದ್ದಳು.

“ಇವಳಿಗೆ ಹುಚ್ಚು ಹಿಡಿದಿದೆ!” ಎಂದ ಅತೀಕ್ ನಮ್ಮನ್ನು ನೋಡಿ. “ಮಸೀದಿ ತನಕ ಹೋಗಿ ಮಗನ್ನ ಉಳಿಸ್ಕೊಂಡು ಬಂದಿದ್ದೀನಿ ನಾನು. ಬಲವಂತ ಮಾಡಕೂಡದು ಅಂತ ಅಪ್ಪಣೆ ಆಗಿದೆ. ನೀವೇ ಸಾಕ್ಷಿ!”

“ಅದು ನಿಮ್ಮಂಥ ಗಂಡಸರಿಗೆ ಹೇಳಿದ್ದು,” ಎಂದಳು ಫುಕೈಹಾ. “ಹೆತ್ತವಳಿಗಲ್ಲ.”

ಈ ವ್ಯಾಖ್ಯಾನವನ್ನು ಆಮೇಲೆ ಬಂದ ಪಂಡಿತರು ಯಾರೂ ಅಂಗೀಕರಿಸಿದಂತೆ ಕಾಣುವುದಿಲ್ಲ.

“ಅವ್ವಾ,” ಎಂದ ಅಝಾಲ್, “ಇದು ಬರೀ ಜ್ವರ. ಊರಿಗೆಲ್ಲ ಬರತ್ತೆ, ಹೋಗತ್ತೆ.”

“ನಾಲ್ಕು ಸಲ ನಂಗೆ ಹಿಂಗೇ ಹೇಳಿದ್ರು.”

ನೌಫಲ್ ಮುಂದೆ ಬಂದು ಮೆಲ್ಲಗೆ, “ತಂಗೀ, ಸಾವು ಬದುಕು ಇರೋದು ದೇವರ ಕೈಲಿ. ನಿನ್ನ ಬಾಯಿಮಾತಲ್ಲಿ ಅಲ್ಲ. ಇದನ್ನ ಒಪ್ಕೊಂಡೇ ಅಲ್ವಾ ನಾವು ಮುಸ್ಲಿಮರಾಗಿದ್ದು?” ಎಂದ.

“ಒಪ್ಕೊಂಡಿದ್ದೀನಿ ಅಣ್ಣಾ. ದಿನಾ ಐದು ಹೊತ್ತು ಒಪ್ಕೋತೀನಿ. ಶಾಮ್ ಸೀಮೆಗೆ ಹೋದ್ರೂ ಅದೇ ದೇವರ ಕೈ ತಾನೆ? ಅಲ್ಲೇ ಇರ್ಲಿ ಬಿಡಿ.”

ನೌಫಲ್ ಗಡ್ಡ ಸವರಿಕೊಂಡ. ಅವನಿಗೆ ಅಭಿಪ್ರಾಯ ತೋಚದಿದ್ದುದನ್ನು ನಾನು ಕಂಡದ್ದು ಅದೊಂದೇ ಸಲ.

“ನಾನು ಹೋದ್ರೆ ಮತ್ತೆ ಬರೋಕೆ ಬಿಡಲ್ಲ ಅವ್ವಾ. ಗೊತ್ತಲ್ವಾ ನಿಂಗೆ?”

“ಗೊತ್ತು.”

“ಗೊತ್ತಿದ್ದೂ ಕಳಿಸ್ತೀಯಾ?”

“ಮಗ ಎಲ್ಲಿ ಅಂತ ಯಾರಾದ್ರೂ ಕೇಳಿದ್ರೆ, ದೂರ ಇದ್ದಾನೆ ಅಂತ ಹೇಳಬಹುದು. ಇಲ್ಲೇ ಇದ್ದಾನೆ ಅಂತ ಮಣ್ಣುಗುಡ್ಡೆ ತೋರ್ಸಿ ಸಾಕಾಗಿದೆ ಕಣೋ ನಂಗೆ. ಏಳು.”

ಅವನು ಏಳಲಿಲ್ಲ. ಆಗ ಅವಳು ಆಣೆಯಿಟ್ಟಳು: ಅವನು ಓಣಿ ದಾಟುವ ತನಕ ತಾನು ಅನ್ನ ಮುಟ್ಟುವುದಿಲ್ಲ, ನೀರು ಕುಡಿಯುವುದಿಲ್ಲ, ನೆರಳಿಗೆ ಬರುವುದಿಲ್ಲ. ಹೇಳಿ, ಅಂಗಳದ ನಡುವೆ ಬಿಸಿಲು ಬೀಳುವ ಜಾಗ ನೋಡಿ ಕೂತಳು. ನಮ್ಮ ಹೆಂಗಸರು ಇಂಥ ಆಣೆಯಿಟ್ಟರೆ ನಡೆಸುತ್ತಾರೆ. ಇದು ಮಗನಿಗೂ ಗೊತ್ತಿತ್ತು. ಅವನಿಗೆ ನಗು ಬಂತು, ಜ್ವರದ ನಗು.

“ಮತ್ತೆ ಆಣೆನಾ? ಮೊದಲಿಂದೇ ಇನ್ನೂ ತೀರಿಲ್ವಲ್ಲೇ ಅವ್ವಾ.”

ಹಾಗೆಂದು ಗೋಡೆ ಹಿಡಿದು ಎದ್ದು ನಿಂತ.

ಕೋಟೆಯವರು ಹೋಗುವಾಗ ಊರಿನ ನಡುವೆಯೇ ಹೋದರು. ಸೋತವರೆಂದು ಯಾರೂ ಅನ್ನಬಾರದೆಂದು ಹೆಂಗಸರು ಇದ್ದಬದ್ದ ರೇಷ್ಮೆಯೆಲ್ಲ ಉಟ್ಟಿದ್ದರು. ತಮಟೆ ಬಾರಿಸಿದರು, ಕೊಳಲು ಊದಿದರು. ಒಂಟೆಗಳ ಮೇಲೆ ಬಾಗಿಲು, ಚೌಕಟ್ಟು, ತೊಲೆ. ಒಂದು ಊರಿನ ಮನೆಗಳು ಎದ್ದು ನಡೆದುಕೊಂಡು ಹೋಗುತ್ತಿರುವಂತೆ ಕಾಣುತ್ತಿತ್ತು. ಶಮ್ವೀಲನ ಒಂಟೆ ನಮ್ಮ ಓಣಿಯ ತುದಿಗೆ ಬಂದಾಗ ಅತೀಕನೂ ನಾನೂ ಸೇರಿ ಅಝಾಲನನ್ನು ಬಾಗಿಲ ಹಲಗೆಯ ಮೇಲೆ ಎತ್ತಿ ಕೂರಿಸಿದೆವು. ಅತೀಕ್ ಅವನನ್ನು ಜಾರದಂತೆ ಕಟ್ಟಿದ. ಹಗ್ಗ ಅವನದೇ.

ಸಫೂರಾ ಒಂಟೆಯ ಆಚೆ ಬದಿಯಲ್ಲಿ ನಡೆಯುತ್ತಿದ್ದಳು. ಹುಡುಗನನ್ನು ನೋಡಿದಳು, ಅಂಗಳದ ಕಡೆ ನೋಡಿದಳು. ಫುಕೈಹಾ ಬಿಸಿಲಲ್ಲಿ ಕೂತವಳು ಎದ್ದು ಓಣಿಯ ಬಾಯಿಗೆ ಬಂದಿದ್ದಳು.

“ಗಂಜಿ ಕುಡಿದ್ನಾ?” ಎಂದು ತಮಟೆಯ ಸದ್ದಿನ ಮೇಲೆ ಸಫೂರಾ ಕೂಗಿ ಕೇಳಿದಳು.

“ಅರ್ಧ.”

“ಸರಿ.”

ಒಂಟೆ ಮುಂದೆ ಹೋಯಿತು. ಅದರ ಹಿಂದೆ ಇನ್ನೂ ನೂರಾರು ಒಂಟೆಗಳಿದ್ದವು. ಸಾಲು ಮುಗಿಯುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು.

ಜ್ವರ ಮೂರನೆಯ ದಿನ, ಉತ್ತರಕ್ಕೆ ಹೋಗುವ ಖೈಬರಿನ ದಾರಿಯಲ್ಲಿ ಬಿಟ್ಟಿತೆಂದು ಒಬ್ಬ ಒಂಟೆಯವನು ಬಂದು ಹೇಳಿದ. ಅಝಾಲ್ ಶಾಮ್ ಸೀಮೆಯಲ್ಲಿ ನೆಲೆಸಿದ, ಮದುವೆಯಾದ, ಅವನಿಗೆ ಮೂವರು ಮಕ್ಕಳಾದರು. ಫುಕೈಹಾ ಆಮೇಲೆ ಹನ್ನೊಂದು ವರ್ಷ ಬದುಕಿದಳು. ಅವನನ್ನು ಮತ್ತೆ ನೋಡಲಿಲ್ಲ.